ನಾಲೆಯ ನೀರು: ಎತ್ತರ ಬೇರೆ, ಓಟ ಬೇರೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನೀವೂ ನಾಲ್ಕು ಮಾತು ಹೇಳಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ ನಮಗೆ ಸಂಕೋಚವಾಯಿತು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೇ. ಭಾಷಣ ಮಾಡಿ ಅಭ್ಯಾಸವಿಲ್ಲ. ಸಂಘದ ಜಮಾಖರ್ಚು, ಸಾಧನೆ ಎಲ್ಲಾ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ಅದನ್ನೇ ಮತ್ತೆ ಹೇಳಿದರೆ ತಮಗೂ ಬೇಸರ. ಆದ್ದರಿಂದ ಒಂದೇ ವಿಷಯ ತೆಗೆದುಕೊಂಡಿದ್ದೇವೆ. ನಾಲೆಯಲ್ಲಿ ಹರಿಯುವ ನೀರನ್ನು ಅಳೆಯುವುದು ಹೇಗೆ, ಅದಕ್ಕೆ ಅಡ್ಡ ಒಂದು ಕಲ್ಲು ಬಿದ್ದರೆ ಆ ನೀರು ಏನು ಮಾಡುತ್ತದೆ, ಇಷ್ಟೇ. ಇದರಲ್ಲಿ ನಮ್ಮ ಮನೆಯದೇ ಒಂದು ತಪ್ಪಿನ ಕಥೆ ಇದೆ. ಅದನ್ನು ಮುಚ್ಚಿಟ್ಟರೆ ಈ ಮಾತಿಗೆ ಬೆಲೆ ಇಲ್ಲ.

ತಮಗೆಲ್ಲಾ ತಿಳಿದಿರುವಂತೆ ನಮ್ಮದು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ಲಕ್ಕವಳ್ಳಿ ಅಣೆಕಟ್ಟೆಯಿಂದ ಹೊರಟ ನೀರು ಬಲದಂಡೆ ನಾಲೆಯಲ್ಲಿ ಅಷ್ಟು ದೂರ ಬಂದು, ಉಪನಾಲೆ ಸೇರಿ, ವಿತರಣಾ ನಾಲೆಗೆ ಇಳಿದು, ಹೊಲಗಾಲುವೆ ಹಿಡಿದು ಗದ್ದೆ ಮುಟ್ಟಬೇಕು. ಜಲಾಶಯದಲ್ಲಿ 186 ಅಡಿ ತುಂಬಿದೆ ಅಂದರೆ ಊರಲ್ಲಿ ಹಬ್ಬ ಮಾಡುತ್ತೇವೆ. ಆದರೆ ಅಲ್ಲಿ ತುಂಬಿದ್ದು ಇಲ್ಲಿ ಹರಿಯಬೇಕಲ್ಲ, ಅದು ಬೇರೆ ಮಾತು.

2023ರ ಮುಂಗಾರು ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ. ನಾಲೆಗೆ ನೀರು ಬಿಡುವ, ನಿಲ್ಲಿಸುವ ವಿಷಯದಲ್ಲಿ ದಾವಣಗೆರೆ ಕಡೆ ರೈತರು ಬೀದಿಗೆ ಇಳಿದದ್ದು ತಮಗೆ ನೆನಪಿದೆ. ಆ ವರ್ಷ ನಾಟಿ ಮಾಡಿ ಕೂತವರಿಗೆ ಒಂದೊಂದು ದಿನದ ನೀರೂ ಬಂಗಾರವಾಗಿತ್ತು.

ಆಗ ಒಂದು ದಿನ ಕೊನೆ ತೂಬಿನ ರೈತರು ಎಂಟು ಹತ್ತು ಜನ ಸಂಘದ ಆಫೀಸಿಗೆ ಬಂದರು. ಭತ್ತ ತೆನೆ ಒಡೆಯುವ ಹೊತ್ತು, ಗದ್ದೆ ಬಿರುಕು ಬಿಟ್ಟಿದೆ, ನೀರು ನಮ್ಮ ತನಕ ಬರುತ್ತಲೇ ಇಲ್ಲ ಎಂದು ಕೂಗಾಡಿದರು. ನಾವು ಪುಸ್ತಕ ತೆಗೆದು ತೋರಿಸಿದೆವು. ನಮ್ಮ ವಿತರಣಾ ನಾಲೆಯ ತಲೆಯಲ್ಲಿ ಗೇಜ್ ಇದೆ. ಅದರಲ್ಲಿ 60 ಸೆಂಟಿಮೀಟರ್ ನೀರು ನಿಂತರೆ 9 ಕ್ಯೂಸೆಕ್ಸ್ ಎಂದು ಕೋಷ್ಟಕ ಹೇಳುತ್ತದೆ. ಪುಸ್ತಕದಲ್ಲಿ ಪ್ರತಿ ದಿನವೂ 60 ಎಂದೇ ಬರೆದಿತ್ತು. "ನಾಲೆ ತುಂಬಾ ನೀರಿದೆ. ನಿಮ್ಮ ಕಾಲುವೆ ನೀವು ಸರಿ ಇಟ್ಟುಕೊಂಡಿಲ್ಲ, ಮಧ್ಯದಲ್ಲಿ ಪೋಲಾಗ್ತಿದೆ" ಎಂದು ಹೇಳಿ ಕಳಿಸಿಬಿಟ್ಟೆವು. ಅವರಲ್ಲಿ ಒಬ್ಬ ಹಿರಿಯರು ಹೋಗುವಾಗ "ಪುಸ್ತಕದ ನೀರು ಗದ್ದೆಗೆ ಹರಿಯಲ್ಲಪ್ಪಾ" ಅಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಚುಚ್ಚುತ್ತಾ ಉಳಿಯಿತು.

ಸಂಜೆ ನಮ್ಮ ನಾಲೆಯ ಸೌಡಿಯನ್ನು ಕರೆದು ಕೇಳಿದೆವು. ಅವರು ಮೂವತ್ತು ವರ್ಷದಿಂದ ನಾಲೆ ಏರಿ ಮೇಲೆ ಓಡಾಡಿದವರು. "ಯಜಮಾನ್ರೇ, ಗೇಜು ನೀರಿನ ಎತ್ತರ ಹೇಳ್ತದೆ. ಓಟ ಹೇಳಲ್ಲ. ನೀರು ಇದೆ, ಓಡ್ತಿಲ್ಲ" ಅಂದರು. ಯಾಕೆ ಓಡ್ತಿಲ್ಲ ಅಂದರೆ ನೆಲ ನೋಡಿದರು, ಬಾಯಿ ಬಿಡಲಿಲ್ಲ. ನಾಳೆ ಬನ್ನಿ, ಅಳೆದು ನೋಡೋಣ ಅಂದರು.

ಬಂಧುಗಳೇ, ಅಳೆಯುವುದು ಎಂದರೆ ಏನು? ಹಾಲನ್ನು ಡೈರಿಯಲ್ಲಿ ಲೀಟರಿನಲ್ಲಿ ಅಳೆಯುತ್ತೇವೆ, ಭತ್ತವನ್ನು ಕ್ವಿಂಟಲಿನಲ್ಲಿ ತೂಗುತ್ತೇವೆ. ಹರಿಯುವ ನೀರಿಗೆ ಅಷ್ಟು ಸಾಲದು. ಒಂದು ಸೆಕೆಂಡಿನಲ್ಲಿ ಎಷ್ಟು ನೀರು ಹಾದು ಹೋಯಿತು ಎಂದು ಲೆಕ್ಕ ಹಿಡಿಯಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಒಂದು ಕ್ಯೂಸೆಕ್ ನೀರು ಹಗಲು ರಾತ್ರಿ 24 ಗಂಟೆ ಹರಿದರೆ ಎರಡು ಎಕರೆ ಮೇಲೆ ಒಂದು ಅಡಿ ನೀರು ನಿಲ್ಲಿಸಬಹುದು. ಎರಡು ಇಂಚಿನಂತೆ ಕಟ್ಟಿದರೆ ಹನ್ನೆರಡು ಎಕರೆ. ಒಂದು ಕ್ಯೂಸೆಕ್ ಅಂದರೆ ಸಣ್ಣದಲ್ಲ ಎಂದು ತಾವು ಮನಗಾಣಬೇಕು.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಮರುದಿನ ನಾವು ಮಾಡಿದ್ದು ಇಷ್ಟು. ನಾಲೆ ನೇರವಾಗಿ ಹರಿಯುವ ಕಡೆ ಏರಿ ಮೇಲೆ ಹತ್ತು ಮೀಟರ್ ಅಳೆದು ಎರಡು ಗೂಟ ಹೊಡೆದೆವು. ಒಂದು ಬಾಟಲಿಗೆ ಅರ್ಧಕ್ಕಿಂತ ಜಾಸ್ತಿ ನೀರು ತುಂಬಿ, ಬಿರಡೆ ಹಾಕಿ, ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆ ನಡು ನೀರಿಗೆ ಬಿಟ್ಟೆವು. ಖಾಲಿ ಬಾಟಲಿ ಬಿಟ್ಟರೆ ಗಾಳಿ ತಳ್ಳಿಕೊಂಡು ಹೋಗುತ್ತದೆ. ಆದ್ದರಿಂದ ಅದು ಮುಳುಗಿದಂತೆ ತೇಲಬೇಕು. ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಿದೆವು. ಹೀಗೆ ಮೂರು ಸಲ ಬಿಟ್ಟು ಸರಾಸರಿ ತೆಗೆದುಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿನ ನೀರು ಜೋರಾಗಿ ಓಡುತ್ತದೆ. ತಳಕ್ಕೆ, ಗೋಡೆಗೆ ತಾಗಿದ ನೀರು ಉಜ್ಜಿಕೊಂಡು ನಿಧಾನ ಹೋಗುತ್ತದೆ. ಬಾಟಲಿ ತೋರಿಸುವುದು ಮೇಲಿನ ವೇಗ. ಆದ್ದರಿಂದ ಅದನ್ನು 0.85ರಿಂದ ಗುಣಿಸಿ ತಗ್ಗಿಸಿಕೊಳ್ಳಬೇಕು. ಆಮೇಲೆ ನಾಲೆಯ ಅಗಲ, ನೀರಿನ ಆಳ ಇವುಗಳಿಂದ ಗುಣಿಸಿದರೆ ನೀರಿನ ಪ್ರಮಾಣ ಸಿಕ್ಕಿತು.

ನಮ್ಮ ನಾಲೆ 1.2 ಮೀಟರ್ ಅಗಲದ ಕಾಂಕ್ರೀಟು ನಾಲೆ. ಗೇಜಿನ ಹತ್ತಿರ ಆಳ 60 ಸೆಂಟಿಮೀಟರ್ ಸರಿಯಾಗಿಯೇ ಇತ್ತು. ಅಂದರೆ ಪುಸ್ತಕ ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ಬಾಟಲಿ ಹತ್ತು ಮೀಟರ್ ಹೋಗಲು 34 ಸೆಕೆಂಡು ತೆಗೆದುಕೊಂಡಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ 180 ಲೀಟರ್, ಸುಮಾರು 6.4 ಕ್ಯೂಸೆಕ್ಸ್. ಕೋಷ್ಟಕದ ಪ್ರಕಾರ 9 ಇರಬೇಕು! ಇನ್ನೂ ಕೆಳಗೆ ಕಾಲುಸಂಕ ದಾಟಿ ಹೋಗಿ ಅಳೆದರೆ ಆಳ 42 ಸೆಂಟಿಮೀಟರ್, ಬಾಟಲಿಗೆ 29 ಸೆಕೆಂಡು. ಅಂದರೆ 5.2 ಕ್ಯೂಸೆಕ್ಸ್. ಕೊನೆಯವರ ಕಡೆ ಹೊರಟಿದ್ದು ಇಷ್ಟೇ.

ಹಾಗಾದರೆ ಕಾಲುಸಂಕದ ಕೆಳಗೆ ಏನಿದೆ? ಸೌಡಿ ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು. ಕೈ ಹಾಕಿ ತಡವಿ, "ಇಲ್ಲಿದೆ ನೋಡಿ" ಅಂದರು. ಒಂದು ಚಪ್ಪಡಿ ಕಲ್ಲು, ಅದಕ್ಕೆ ಆನಿಸಿ ಮಣ್ಣು ತುಂಬಿದ ಚೀಲಗಳು. ಒಂದು ಪಕ್ಕ ಗೇಣಗಲದ ಸಂದು ಬಿಟ್ಟರೆ ನಾಲೆಗೆ ಪೂರ್ತಿ ಅಡ್ಡ.

ಬಂಧುಗಳೇ, ಆ ಕಲ್ಲು ನಮ್ಮದು. ನಮ್ಮ ಗದ್ದೆಯ ತೂಬು ಆ ಸಂಕಕ್ಕೆ ಸ್ವಲ್ಪ ಮೇಲೆ ಇದೆ. ಗದ್ದೆ ಎತ್ತರದಲ್ಲಿದೆ, ನೀರು ಹತ್ತುವುದಿಲ್ಲ ಎಂದು ನಮ್ಮ ತಂದೆಯವರ ಕಾಲದಲ್ಲಿ ಹಾಕಿದ ಒಂದು ಕಲ್ಲು. ಚೀಲಗಳನ್ನು ನಾವೇ ಆಳು ಹಚ್ಚಿ ಇಡಿಸಿದ್ದು. ಒಂದು ಕಲ್ಲಿನಿಂದ ಏನಾಗುತ್ತದೆ, ನೀರು ಸುತ್ತಿಕೊಂಡು ಹೋಗುತ್ತದಲ್ಲ ಅಂತ ಅಂದುಕೊಂಡಿದ್ದೆವು. ಊರಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು. ನಿರ್ದೇಶಕರ ಗದ್ದೆ ಎಂದು ಯಾರೂ ಹೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತು.

ಈಗ ಒಂದು ಕಲ್ಲು ಏನು ಮಾಡುತ್ತದೆ ಎಂದು ಹೇಳುತ್ತೇವೆ. ನಿಧಾನವಾಗಿ ಹರಿಯುವ ನಾಲೆಯಲ್ಲಿ ಅಡ್ಡ ಇಟ್ಟರೆ ಅದರ ಪರಿಣಾಮ ಮೇಲಕ್ಕೆ ಏರುತ್ತದೆ. ಕಲ್ಲಿನ ಹಿಂದೆ ನೀರು ಒತ್ತಿ ನಿಲ್ಲುತ್ತದೆ. ಆ ಒತ್ತು ಗೇಜಿನವರೆಗೂ ಹೋಗಿ ಅಲ್ಲಿ ಎತ್ತರ ತೋರಿಸುತ್ತದೆ. ಗೇಜು ತುಂಬಿದೆ ಅನ್ನುತ್ತದೆ. ಅದಕ್ಕಿಂತ ಮೇಲೆ ಗೇಟಿನ ಹತ್ತಿರ ಇನ್ನೊಂದು ಅನ್ಯಾಯ. ಉಪನಾಲೆಯ ನೀರಿಗೂ ನಮ್ಮ ನಾಲೆಯ ನೀರಿಗೂ ಮಟ್ಟದ ವ್ಯತ್ಯಾಸ ಇದ್ದಷ್ಟೂ ಗೇಟಿನಿಂದ ನೀರು ಜೋರಾಗಿ ನುಗ್ಗುತ್ತದೆ. ನಮ್ಮ ಕಡೆ ಮಟ್ಟ ಏರಿದರೆ ನುಗ್ಗುವುದು ಕಡಿಮೆಯಾಗುತ್ತದೆ. ಕೋಷ್ಟಕದ 9ರಲ್ಲಿ 2.6 ಕ್ಯೂಸೆಕ್ಸ್ ನಮ್ಮ ನಾಲೆಗೆ ಬರಲೇ ಇಲ್ಲ. ಬಂದ 6.4ರಲ್ಲಿ ಒಂದು ಕ್ಯೂಸೆಕ್ಕಿಗೂ ಜಾಸ್ತಿ ನಮ್ಮ ತೂಬಿನಿಂದ ನಮ್ಮ ಗದ್ದೆಗೆ ಹೋಯಿತು. ನಾವು ಒಂದು ತೆಗೆದುಕೊಳ್ಳಲು ಹೋಗಿ ಊರಿಗೆ ಬರುವ ಎರಡೂವರೆಯನ್ನು ಬಾಗಿಲಲ್ಲೇ ತಡೆದಿದ್ದೆವು. ಇದು ನಮಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಸಂಘದ ಸದಸ್ಯರೊಬ್ಬರ ಮಗಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಳು. ಅವಳು ಬಂದು ಆ ಕಲ್ಲನ್ನು ತೆಗೆಯುವ ಮೊದಲು ಅರ್ಧ ಗಂಟೆ ಪಾಠ ಮಾಡಿದಳು. ಒಂದು ಹಿಡಿ ಜೊಳ್ಳು ತಂದು ನೀರಿಗೆ ಎಸೆದಳು. ಮೇಲಿನ ಕಡೆ ಜೊಳ್ಳು ಸಾಲಾಗಿ, ಮೆಲ್ಲಗೆ ಬಂತು. ಸಂದಿನಲ್ಲಿ ಬಾಣದ ಹಾಗೆ ಹೊಕ್ಕಿತು. ಕಲ್ಲಿನ ಹಿಂಭಾಗದಲ್ಲಿ ಸುಳಿ ಸುತ್ತಿತು. ಕೆಲವು ಜೊಳ್ಳು ನೀರಿಗೆ ಎದುರಾಗಿ ವಾಪಸ್ಸು ಬಂದು ಕಲ್ಲಿಗೇ ಅಂಟಿಕೊಂಡವು! ನಾವೆಲ್ಲಾ ಮಕ್ಕಳ ಹಾಗೆ ನೋಡುತ್ತಾ ನಿಂತೆವು.

ಆಮೇಲೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿನ ಒಂದು ತುಂಡನ್ನು ಕೋಲಿಗೆ ಕಟ್ಟಿ, ತುದಿ ಬಗ್ಗಿಸಿ, ಬಾಯಿ ನೀರಿಗೆ ಎದುರಾಗಿ ಹಿಡಿದಳು. ಓಡುವ ನೀರು ಪೈಪಿನೊಳಗೆ ನುಗ್ಗಿ ಹೊರಗಿನ ಮಟ್ಟಕ್ಕಿಂತ ಮೇಲೆ ಏರುತ್ತದೆ. ಎಷ್ಟು ಏರಿತೋ ಅದರಿಂದ ವೇಗ ತಿಳಿಯುತ್ತದೆ. 5 ಸೆಂಟಿಮೀಟರ್ ಏರಿದರೆ ಸೆಕೆಂಡಿಗೆ ಸುಮಾರು 1 ಮೀಟರ್ ವೇಗ. ಫ್ರಾನ್ಸ್ ದೇಶದ ಹೆನ್ರಿ ಪಿಟೋ ಎಂಬ ಇಂಜಿನಿಯರು 1732ರಲ್ಲಿ ಪ್ಯಾರಿಸಿನ ಸೀನ್ ನದಿಯಲ್ಲಿ ಹೀಗೆಯೇ ಬಗ್ಗಿಸಿದ ಗಾಜಿನ ಕೊಳವೆ ಹಿಡಿದು ನೋಡಿದರಂತೆ. ಇವತ್ತಿಗೂ ವಿಮಾನದ ವೇಗ ತಿಳಿಯಲು ಅದೇ ಉಪಾಯದ ಕೊಳವೆ ಇರುತ್ತದೆ. ಮೇಲಿನ ಶಾಂತ ನೀರಿನಲ್ಲಿ ನಮ್ಮ ಪೈಪಿನ ಏರಿಕೆ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಸಂದಿನಲ್ಲಿ ಹಿಡಿದರೆ ಒಮ್ಮೆ 10 ಸೆಂಟಿಮೀಟರ್, ಒಮ್ಮೆ 15, ಮತ್ತೆ 12, ಒಂದೇ ಸಮ ಏರಿಳಿಯುತ್ತಿತ್ತು. ಅಂದರೆ ವೇಗ ಸೆಕೆಂಡಿಗೆ 1.4ರಿಂದ 1.7 ಮೀಟರ್ ತನಕ ಕುಣಿಯುತ್ತಿತ್ತು.

ಆ ಕುಣಿತಕ್ಕೇ ಪ್ರಕ್ಷುಬ್ಧತೆ ಎಂದು ಹೆಸರು ಎಂದಳು. ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಎರಡು ಹಸು ಇವೆ. ಎರಡರ ಸರಾಸರಿಯೂ ದಿನಕ್ಕೆ 8 ಲೀಟರ್. ಒಂದು ದಿನಾ ಎಂಟೇ ಕೊಡುತ್ತದೆ. ಇನ್ನೊಂದು ಒಂದು ದಿನ ನಾಲ್ಕು, ಇನ್ನೊಂದು ದಿನ ಹನ್ನೆರಡು. ಸರಾಸರಿ ಒಂದೇ ಆದರೂ ಎರಡನೇ ಹಸು ನಂಬಿ ಸಂಸಾರ ಮಾಡುವುದು ಕಷ್ಟ. ನೀರಿನಲ್ಲೂ ಹಾಗೆ. ಸರಾಸರಿ ವೇಗ ಒಂದು, ಅದರ ಸುತ್ತ ಏರಿಳಿತ ಇನ್ನೊಂದು. ಎರಡನ್ನೂ ಅಳೆಯಬೇಕು. ಆದ್ದರಿಂದಲೇ ತಿರುಗುವ ಬಟ್ಟಲುಗಳಿರುವ ಕರೆಂಟ್ ಮೀಟರ್ ಹಿಡಿದು ಅಳೆಯುವವರು ಒಂದು ಕ್ಷಣ ನೋಡಿ ಬರೆದುಕೊಳ್ಳುವುದಿಲ್ಲ. ಒಂದು ಜಾಗದಲ್ಲಿ ಮುಕ್ಕಾಲು ನಿಮಿಷ, ಒಂದು ನಿಮಿಷ ಹಿಡಿದು ಸರಾಸರಿ ತೆಗೆಯುತ್ತಾರೆ. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಹಿಡಿದರೆ ಅದು ಹೆಚ್ಚುಕಡಿಮೆ ಇಡೀ ಆಳದ ಸರಾಸರಿ ವೇಗ.

ಪುಣೆ ಹತ್ತಿರ ಖಡಕ್ವಾಸ್ಲಾದಲ್ಲಿ 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇದೆ. ನಮ್ಮ ರಾಜ್ಯದಲ್ಲೇ ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಇಂಥ ಕಡೆ ಅಣೆಕಟ್ಟೆ, ನಾಲೆಗಳ ಸಣ್ಣ ಮಾದರಿ ಕಟ್ಟಿ, ನೀರು ಹರಿಸಿ ನೋಡುತ್ತಾರೆ. ಅಡ್ಡ ಇರುವ ವಸ್ತುವಿನ ಸುತ್ತಲಿನ ಸುಳಿ ಅಳೆಯಲು ಈಗ ಶಬ್ದದ ಅಲೆ ಕಳಿಸುವ ಉಪಕರಣಗಳು ಬಂದಿವೆ. ನೀರಿನಲ್ಲಿ ತೇಲುವ ಸಣ್ಣ ಕಣಗಳಿಗೆ ಶಬ್ದ ತಾಗಿ ವಾಪಸ್ಸು ಬರುವ ರೀತಿ ನೋಡಿ, ಒಂದು ಸೆಕೆಂಡಿನಲ್ಲಿ ಹತ್ತಾರು ಸಲ, ಮುಂದಕ್ಕೆ, ಪಕ್ಕಕ್ಕೆ, ಮೇಲೆ ಕೆಳಗೆ ಮೂರೂ ದಿಕ್ಕಿನ ವೇಗ ಹೇಳುತ್ತವೆ.

ಇದನ್ನೆಲ್ಲಾ ಯಾಕೆ ಅಳೆಯುತ್ತಾರೆ? ಕಲ್ಲಿಗೆ ಬಡಿದ ನೀರು ಬರೀ ಪಕ್ಕಕ್ಕೆ ಹೋಗುವುದಿಲ್ಲ. ಕಲ್ಲಿನ ಮುಖ ಹಿಡಿದು ಕೆಳಗೆ ಇಳಿದು ಬುಡ ಕೊರೆಯುತ್ತದೆ. ಅಲ್ಲಿಂದ ಕುದುರೆ ಲಾಳದ ಆಕಾರದಲ್ಲಿ ಎರಡೂ ಪಕ್ಕ ಸುತ್ತಿಕೊಂಡು ಹೋಗುತ್ತದೆ. ಹಿಂದೆ ಸುಳಿಗಳು ಒಂದು ಎಡಕ್ಕೆ ಒಂದು ಬಲಕ್ಕೆ ಸರದಿ ಪ್ರಕಾರ ಕಳಚಿಕೊಳ್ಳುತ್ತವೆ. ಆ ಸಾಲಿನ ಲೆಕ್ಕವನ್ನು 1911ರಲ್ಲಿ ಫಾನ್ ಕಾರ್ಮನ್ ಎಂಬ ವಿಜ್ಞಾನಿ ಮಾಡಿ ತೋರಿಸಿದರು. ಹೊಳೆಯ ಸೇತುವೆಗಳ ಕಂಬ ಪ್ರವಾಹದಲ್ಲಿ ಕುಸಿಯುವುದು ಹೆಚ್ಚಾಗಿ ಬುಡದ ಮಣ್ಣು ಹೀಗೆ ಕೊರೆದು ಹೋಗುವುದರಿಂದ. ಅದಕ್ಕೇ ಕಂಬದ ಮುಂಭಾಗವನ್ನು ಗುಂಡಗೋ ಚೂಪಾಗೋ ಕಟ್ಟುವುದು. ನಮ್ಮ ಸಂದಿನಲ್ಲಿ ನುಗ್ಗಿದ ನೀರು ಕಾಂಕ್ರೀಟಿನ ಕೀಲು ಬಿಡಿಸಿ ಏರಿಯ ಮಣ್ಣು ತಿಂದಿತ್ತು. ಆ ಜಾಗವನ್ನು ಹಿಂದೆ ಎರಡು ಸಲ ಸಂಘದ ಹಣದಲ್ಲಿ ರಿಪೇರಿ ಮಾಡಿಸಿದ್ದೆವು. ಇಲಿ ಬಿಲ ಎಂದು ನಡಾವಳಿಯಲ್ಲಿ ಬರೆದಿದ್ದೆವು! ಕಲ್ಲಿನ ಹಿಂದೆ ಸತ್ತ ನೀರಿನಲ್ಲಿ ಹೂಳು ಕೂತು ಜೊಂಡು ಬೆಳೆದಿತ್ತು. ಆ ಜೊಂಡೂ ಒಂದು ಅಡ್ಡಿಯೇ. ನಯವಾದ ಕಾಂಕ್ರೀಟು ನಾಲೆಯಲ್ಲಿ ಓಡುವ ನೀರು ಅದೇ ಇಳಿಜಾರು, ಅದೇ ಆಳ ಇದ್ದರೂ ಹುಲ್ಲು ತುಂಬಿದ ಮಣ್ಣಿನ ಕಾಲುವೆಯಲ್ಲಿ ಅರ್ಧವೂ ಓಡುವುದಿಲ್ಲ.

ಅವತ್ತೇ ಮಧ್ಯಾಹ್ನ ಆ ಕೊನೆ ತೂಬಿನವರನ್ನೇ ಕರೆಸಿ, ಅವರ ಮುಂದೆ ಕಲ್ಲು ಎತ್ತಿಸಿದೆವು, ಚೀಲ ಕೀಳಿಸಿದೆವು. ಸ್ವಲ್ಪ ಹೊತ್ತಿಗೆ ಗೇಜಿನ ನೀರು 60ರಿಂದ 56ಕ್ಕೆ ಇಳಿಯಿತು. "ಅಯ್ಯೋ, ಇದ್ದದ್ದೂ ಹೋಯ್ತಲ್ಲಾ" ಎಂದು ಒಬ್ಬರು ಗಾಬರಿಯಾದರು. ಬಾಟಲಿ ಬಿಡಿ ಎಂದರು ಸೌಡಿ. 24 ಸೆಕೆಂಡು! ಲೆಕ್ಕ ಹಾಕಿದರೆ 8.4 ಕ್ಯೂಸೆಕ್ಸ್. ಎತ್ತರ ನಾಲ್ಕು ಸೆಂಟಿಮೀಟರ್ ಇಳಿದಿದೆ, ನೀರು ಎರಡು ಕ್ಯೂಸೆಕ್ಸ್ ಏರಿದೆ. ಎರಡು ಕ್ಯೂಸೆಕ್ಸ್ ಅಂದರೆ ದಿನಕ್ಕೆ 24 ಎಕರೆಗೆ ಎರಡೆರಡು ಇಂಚು ನೀರು. ಅಷ್ಟೂ ದಿನ ಗೇಜು ನೋಡಿಕೊಂಡು ಅಷ್ಟು ಎಕರೆಯವರಿಗೆ ಪೋಲು ಮಾಡ್ತೀರಿ ಎಂದು ನಾವು ಬೈದಿದ್ದೆವು.

ನೀರು ಕೊನೆ ಮುಟ್ಟಿತು. ಹೆಚ್ಚಿನವರ ಬೆಳೆ ಉಳಿಯಿತು. ಎಲ್ಲರದೂ ಉಳಿಯಲಿಲ್ಲ. "ಪುಸ್ತಕದ ನೀರು" ಎಂದಿದ್ದ ಆ ಹಿರಿಯರ ಎರಡು ಎಕರೆ ಅಷ್ಟರಲ್ಲಿ ಜೊಳ್ಳಾಗಿತ್ತು. ಅವರ ಮನೆಗೆ ಹೋಗಿ ತಪ್ಪಾಯಿತು ಎಂದೆವು. ನಮ್ಮ ಗದ್ದೆಯ ಭತ್ತದಲ್ಲಿ ಎರಡು ಎಕರೆಯ ಫಸಲು ಅವರ ಕಣಕ್ಕೆ ಕಳಿಸಿದೆವು. ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು. "ಭತ್ತ ಸರಿ, ಮುಂದಿನ ಸಾರಿ ನಮ್ಮ ಮಾತು ನಂಬು" ಅಂದರು. ನಮ್ಮ ಎತ್ತರದ ಗದ್ದೆಯನ್ನು ಮರು ವರ್ಷ ಮಟ್ಟ ಮಾಡಿಸಿದೆವು. ಈಗ ಕಲ್ಲಿಲ್ಲದೆಯೂ ನೀರು ಹತ್ತುತ್ತದೆ.

ನಾಲೆಗೆ ಅಡ್ಡ ಹಾಕುವುದು 1965ರ ಕರ್ನಾಟಕ ನೀರಾವರಿ ಕಾಯಿದೆಯಂತೆ ಅಪರಾಧ. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು ಅಕ್ರಮವಾಗಿ ನೀರು ಎತ್ತುವವರ ಮೇಲೆ ಇನ್ನಷ್ಟು ಬಿಗಿ ಮಾಡಿದ್ದಾರೆ. ಆದರೆ ರಾತ್ರಿ ಹೊತ್ತು ನಾಲೆಗೆ ಇಳಿಯುವ ಕೈಯನ್ನು ಕಾಯಿದೆ ಒಂದೇ ತಡೆಯಲಾರದು. ಅಳತೆ ಎಲ್ಲರ ಕಣ್ಣ ಮುಂದೆ ಇದ್ದರೆ ತಡೆಯಬಹುದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೆಲವು ವಿನಂತಿ. ಒಂದು, ಎಲ್ಲಾ ಉಪ ತೂಬುಗಳ ಕೆಳಗೂ ಹತ್ತು ಮೀಟರಿನ ಗುರುತು ಬಣ್ಣದಲ್ಲಿ ಹಾಕಿಸೋಣ. ಜಾಗ ನೇರವಾಗಿರಬೇಕು. ಸಂಕ, ತಿರುವು, ಕಲ್ಲು ಇವುಗಳಿಂದ ದೂರ ಇರಬೇಕು. ಸುಳಿ ಇರುವ ಕಡೆ ಅಳೆದರೆ ಅಳತೆ ಸುಳ್ಳಾಗುತ್ತದೆ. ಎರಡು, ಸಂಘದ ಪುಸ್ತಕದಲ್ಲಿ ಎತ್ತರದ ಪಕ್ಕ ಓಟ ಎಂದು ಇನ್ನೊಂದು ಕಾಲಂ 2023ರಿಂದ ಇದೆ. ಅದನ್ನು ವಾರಕ್ಕೆ ಎರಡು ಸಲವಾದರೂ ತುಂಬಬೇಕು, ತುಂಬುವಾಗ ಕೊನೆ ಭಾಗದ ಒಬ್ಬರು ಜೊತೆಗಿರಬೇಕು. ಮೂರು, ಹೊಲಗಾಲುವೆಯಲ್ಲಿ ಅಳೆಯಲು ತಗಡಿನಲ್ಲಿ ಮೂಲೆಮಟ್ಟದ ಹಾಗೆ 90 ಡಿಗ್ರಿಯ ವಿ ಆಕಾರದ ಕಂಡಿ ಕೊರೆಸಿ ನಿಲ್ಲಿಸಬಹುದು. ತಗಡಿನ ಹಿಂದೆ ನೀರು ಶಾಂತವಾಗಿರಬೇಕು, ಮುಂದೆ ಕೆಳಗೆ ಧುಮುಕಬೇಕು. ತಗಡಿನಿಂದ ಸ್ವಲ್ಪ ಹಿಂದಕ್ಕೆ, ಕಂಡಿಯ ಮೂಲೆಯ ಮಟ್ಟದಿಂದ ಮೇಲೆ 10 ಸೆಂಟಿಮೀಟರ್ ನೀರಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 21 ಸೆಂಟಿಮೀಟರ್ ಇದ್ದರೆ ಹತ್ತಿರ ಹತ್ತಿರ ಒಂದು ಕ್ಯೂಸೆಕ್. ಎತ್ತರ ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ ಎಂಬುದು ನೆನಪಿರಲಿ. ಅಳತೆ ಮುಗಿದ ಮೇಲೆ ತಗಡು ತೆಗೆದುಬಿಡಿ, ಇಲ್ಲದಿದ್ದರೆ ಅದೂ ಒಂದು ಅಡ್ಡಿಯೇ. ನಾಲ್ಕು, ನಾಲೆಯಲ್ಲಿ ಕಲ್ಲಿಟ್ಟವರು ಇದ್ದರೆ ತಾವೇ ತೆಗೆಯಿರಿ. ನಿರ್ದೇಶಕರ ಕಲ್ಲು ಕಂಡರೆ ಮೊದಲು ಹೇಳಿ.

ಸಂಘ ಅಂದರೆ ಈ ಕಟ್ಟಡವಲ್ಲ, ಷೇರು ಹಣವೂ ಅಲ್ಲ. ಮೊದಲ ತೂಬಿನವರಿಗೂ ಕೊನೆ ತೂಬಿನವರಿಗೂ ಒಂದೇ ಅಳತೆ ಇದ್ದರೆ ಅದು ಸಂಘ. ಮುಂದಿನ 25 ವರ್ಷ ಆ ಅಳತೆಯನ್ನು ಎಲ್ಲರೂ ಸೇರಿ ಕಾಯೋಣ ಎಂದು ಕೇಳಿಕೊಳ್ಳುತ್ತಾ, ಅವತ್ತು ನೀರಿಗೆ ಇಳಿದ ನಮ್ಮ ಸೌಡಿಗೂ, ಪಾಠ ಹೇಳಿದ ಊರಿನ ಮಗಳಿಗೂ ಈ ಸಭೆಯಲ್ಲಿ ಕೈ ಮುಗಿಯುತ್ತೇವೆ.

ಜೈ ಸಹಕಾರ.